ಮಿತವ್ಯಯವೂ ಒಂದು ವಿದ್ಯೆ

ಬೆಲೆ ಏರಿದರೆ ಬಳಕೆ ತಾನಾಗಿಯೇ ಇಳಿಯುವುದೆಂಬ ತತ್ತ್ವವು ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಎಷ್ಟೇ ದೃಢವಾಗಿ ಪ್ರತಿಪಾದಿತವಾಗಿದ್ದರೂ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯ ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತದಲ್ಲಿ ಕೆಂಪು ದೀಪದ ಮುಂದೆ ನಿಂತ ವಾಹನಗಳ ಸಾಲನ್ನು ನೋಡಿದವರು ಅದನ್ನು ನಿರಪವಾದವಾದ ಸತ್ಯವೆಂದು ಒಪ್ಪಲಾರರು. ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಯನ್ನು ಮೀರಿದೆ. 2024ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರವು ಮಾರಾಟ ತೆರಿಗೆಯನ್ನು ಹೆಚ್ಚಿಸಿದಾಗ ಒಂದೇ ಪೆಟ್ಟಿಗೆ ಮೂರು ರೂಪಾಯಿ ಏರಿತು. ಈ ಬೆಲೆಯನ್ನು ಕುರಿತು ಗೊಣಗದ ಬೈಕ್ ಸವಾರನಿಲ್ಲ, ನಿಟ್ಟುಸಿರಿಡದ ಟಂಟಂ ಆಟೋ ಚಾಲಕನಿಲ್ಲ. ಆದರೂ ಒಂದು ನಿಮಿಷ, ಒಂದೂವರೆ ನಿಮಿಷ ನಿಲ್ಲಬೇಕಾದ ಆ ಸಾಲಿನಲ್ಲಿ ಎಂಜಿನ್ನನ್ನು ಆರಿಸಿದವರು ಎಷ್ಟು ಮಂದಿಯೆಂದು ಎಣಿಸಹೊರಟರೆ ಕೈಬೆರಳುಗಳೇ ಧಾರಾಳವಾಗಿ ಸಾಕಾದಾವು.

ಇದನ್ನು ಜನರ ಉದಾಸೀನವೆಂದು ದೂಷಿಸುವುದು ಸುಲಭವಾದರೂ ನ್ಯಾಯವಲ್ಲ. ಹತ್ತು ರೂಪಾಯಿಗಾಗಿ ನಗರದ ಸೂಪರ್ ಮಾರ್ಕೆಟ್ ಪೇಟೆಯ ತರಕಾರಿ ಸಾಲಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಗೃಹಸ್ಥನು ತನ್ನ ವಾಹನದ ಟಾಕಿಯಿಂದ ಪ್ರತಿದಿನವೂ ಅದಕ್ಕಿಂತ ಹೆಚ್ಚಿನ ಹಣ ವ್ಯರ್ಥವಾಗಿ ಉರಿದುಹೋಗುವುದನ್ನು ಸಹಿಸುತ್ತಾನೆಂದರೆ, ಅದಕ್ಕೆ ಕಾರಣ ಅವನಿಗೆ ಹಣದ ಬೆಲೆ ತಿಳಿಯದಿರುವುದಲ್ಲ; ಆ ನಷ್ಟ ಎಲ್ಲಿ, ಯಾವ ಕ್ಷಣದಲ್ಲಿ, ಎಷ್ಟು ಪ್ರಮಾಣದಲ್ಲಿ ಸಂಭವಿಸುತ್ತಿದೆಯೆಂಬುದನ್ನು ಅವನಿಗೆ ಯಾರೂ ತೋರಿಸಿಕೊಡದಿರುವುದು. ಬೆಲೆಯು ಬಡವನನ್ನು ದಂಡಿಸಬಲ್ಲದೇ ಹೊರತು ಎಣ್ಣೆ ಸೋರಿಹೋಗುವ ಬಿರುಕನ್ನು ಬೆರಳಿಟ್ಟು ತೋರಿಸಲಾರದು. ಅದು ಶಿಕ್ಷಣದ ಕೆಲಸ. ಆ ಶಿಕ್ಷಣವನ್ನು ನಾವು ಇದುವರೆಗೆ ಕೊಟ್ಟಿರುವುದು ಘೋಷಣೆಗಳ ರೂಪದಲ್ಲಿ ಮಾತ್ರವೆಂಬುದೂ, ಅದನ್ನು ಕಲಿಸಬಲ್ಲ ಗುರುಗಳು ನಮ್ಮ ನಗರದ ಬಸ್ ಡಿಪೋಗಳಲ್ಲಿಯೇ ಇದ್ದರೂ ಅವರನ್ನು ನಾವು ಕೇಳಿಲ್ಲವೆಂಬುದೂ ಈ ಲೇಖನದ ಅಭಿಪ್ರಾಯ.

ಎಣ್ಣೆಯ ಅಭಾವ ಈ ನಾಡಿಗೆ ಹೊಸ ಸಂಗತಿಯಲ್ಲ. 1932ರಲ್ಲಿ, ಈ ಪ್ರದೇಶವೂ ಸೇರಿದ್ದ ನಿಜಾಮರ ರಾಜ್ಯದಲ್ಲಿ ರೈಲ್ವೆ ಇಲಾಖೆಯ ಅಂಗವಾಗಿ 27 ಬಸ್ಸುಗಳೊಡನೆ ಸರ್ಕಾರಿ ರಸ್ತೆ ಸಾರಿಗೆ ಪ್ರಾರಂಭವಾಗಿ ಒಂದು ದಶಕ ತುಂಬುವುದರೊಳಗೇ ಮಹಾಯುದ್ಧವು ಬಂದಿತು. ಪೆಟ್ರೋಲು ಪಡಿತರಕ್ಕೆ ಒಳಪಟ್ಟಿತು. ದೇಶದ ನಾನಾ ಭಾಗಗಳಲ್ಲಿ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಗಾಡಿಯನ್ನು ಓಡಿಸುವ ಪರಿಪಾಟಿ ಬೆಳೆಯಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ, ಮೂರು ಡಾಲರಿನ ಆಸುಪಾಸಿನಲ್ಲಿದ್ದ ಪೀಪಾಯಿಯ ಬೆಲೆ ಕೆಲವೇ ತಿಂಗಳಲ್ಲಿ ಹನ್ನೊಂದನ್ನು ದಾಟಿತು. ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಪೆಟ್ರೋಲಿನ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದುದು ಹಿರಿಯರಿಗೆ ನೆನಪಿದ್ದೀತು. ಸಮೃದ್ಧವಾದ ಅಮೆರಿಕವೇ 1974ರ ಆರಂಭದಲ್ಲಿ ತನ್ನ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ ಕಟ್ಟಿಹಾಕಬೇಕಾಯಿತು.

ಇಂತಹ ಹಿನ್ನೆಲೆಯಲ್ಲಿಯೇ ನಮ್ಮ ಕೇಂದ್ರ ಸರ್ಕಾರವು 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವನ್ನು, ಎಂದರೆ ಪಿಸಿಆರ್‌ಎ ಎಂದು ಪ್ರಸಿದ್ಧವಾದ ಸಂಸ್ಥೆಯನ್ನು, ಸ್ಥಾಪಿಸಿತು. 1991ರಿಂದ ವರ್ಷಕ್ಕೊಮ್ಮೆ ತೈಲ ಸಂರಕ್ಷಣಾ ಸಪ್ತಾಹವೆಂದು ಪ್ರಾರಂಭವಾದ ಆಚರಣೆಯು ಪಕ್ಷವಾಗಿ, ಮಾಸವಾಗಿ ಬೆಳೆದು ಈಗ ‘ಸಕ್ಷಮ್’ ಎಂಬ ಹೆಸರನ್ನು ಧರಿಸಿದೆ. ಆ ಸಂಸ್ಥೆಯ ಕಾರ್ಯವನ್ನು ಲಘುವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಸಿಗ್ನಲಿನಲ್ಲಿ ಎಂಜಿನ್ ಆರಿಸದೆ ಕುಳಿತ ತಂದೆಗೆ, ತಾನು ದೊಡ್ಡವನಾದ ಮೇಲೆ ಸೈಕಲ್ ರಿಪೇರಿಯ ಅಂಗಡಿ ಇಡುವೆನೆಂದು ಮಗನು ಹೇಳುವ ಅದರ ಕಿರುಚಿತ್ರವನ್ನು ಟಿ.ವಿ.ಯಲ್ಲಿ ಕಂಡವರು ಇಂದಿಗೂ ಮರೆತಿಲ್ಲ. ಆದರೆ ಆ ಚಿತ್ರವನ್ನು ಮರೆಯದವರಲ್ಲಿ ಎಂಜಿನ್ ಆರಿಸುವವರೆಷ್ಟು ಮಂದಿ? ಮನಸ್ಸನ್ನು ಮುಟ್ಟುವುದು ಒಂದು ಕಾರ್ಯ, ಕೈಯನ್ನೂ ಕಾಲನ್ನೂ ಪಳಗಿಸುವುದು ಮತ್ತೊಂದು ಕಾರ್ಯ. ಪೆಟ್ರೋಲ್ ಬಂಕಿನ ಗೋಡೆಯ ಮೇಲೆ ‘ಇಂಧನ ಉಳಿಸಿ’ ಎಂದು ಬರೆದುದನ್ನು ದಿನವೂ ಓದುವ ಸವಾರನಿಗೆ ಹೇಗೆ ಉಳಿಸಬೇಕೆಂಬುದು ಆ ಬರಹದಿಂದ ತಿಳಿಯದು. ಉಳಿಸಿದನೋ ಇಲ್ಲವೋ ಎಂಬುದನ್ನು ಅಳೆಯುವ ಉಪಾಯವಂತೂ ಸರ್ವಥಾ ತಿಳಿಯದು.

ಈ ಉಪಾಯವನ್ನು ಬಲ್ಲವರು ಯಾರು? ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ನಮ್ಮ ಕಲಬುರಗಿಯಲ್ಲಿಯೇ ಇದೆ. 2000ದಲ್ಲಿ ಈಶಾನ್ಯ ಸಾರಿಗೆ ಎಂಬ ಹೆಸರಿನಿಂದ ಪ್ರತ್ಯೇಕಗೊಂಡ ಈ ನಿಗಮದ ಡಿಪೋಗಳಲ್ಲಿ ಸಂಜೆಯ ಹೊತ್ತು ನಡೆಯುವ ಒಂದು ಸಾಮಾನ್ಯ ವ್ಯವಹಾರವನ್ನು ಸಾವಧಾನವಾಗಿ ಗಮನಿಸಬೇಕು. ದಿನದ ಓಟವನ್ನು ಮುಗಿಸಿ ಬಂದ ಬಸ್ಸು ಡಿಪೋದೊಳಗಿನ ಡೀಸೆಲ್ ಪಂಪಿನ ಮುಂದೆ ನಿಲ್ಲುತ್ತದೆ; ಟಾಕಿಯ ಕಂಠದವರೆಗೆ ಡೀಸೆಲ್ ತುಂಬಲಾಗುತ್ತದೆ; ಬಸ್ಸು ಕ್ರಮಿಸಿದ ಕಿಲೋಮೀಟರುಗಳನ್ನು ತುಂಬಿದ ಲೀಟರುಗಳಿಂದ ಭಾಗಿಸಿ ಬಂದ ಲಬ್ಧವನ್ನು ಚಾಲಕನ ಹೆಸರಿನ ಮುಂದೆ ಬರೆಯಲಾಗುತ್ತದೆ. ಡಿಪೋದ ಮಾತಿನಲ್ಲಿ ಅದು ಕೆಎಂಪಿಎಲ್. ಒಂದೇ ಮಾರ್ಗದಲ್ಲಿ, ಒಂದೇ ಬಗೆಯ ಬಸ್ಸಿನಲ್ಲಿ ಒಬ್ಬ ಚಾಲಕನ ಸಂಖ್ಯೆ ಮತ್ತೊಬ್ಬನದಕ್ಕಿಂತ ಕಡಿಮೆಯಾದರೆ ಅದಕ್ಕೆ ಕಾರಣವನ್ನು ಹುಡುಕುತ್ತಾರೆ. ದೋಷ ಗಾಡಿಯದೋ ಕಾಲಿನದೋ ಎಂಬುದನ್ನು ವಿಚಾರಿಸುತ್ತಾರೆ. ಚೆನ್ನಾಗಿ ಓಡಿಸಿದವನನ್ನು ಗೌರವಿಸುತ್ತಾರೆ.

ಈ ಸಂಖ್ಯೆಯಲ್ಲಿನ ಅಲ್ಪ ವ್ಯತ್ಯಾಸವೂ ಎಷ್ಟು ಮಹತ್ತ್ವದ್ದೆಂಬುದನ್ನು ಸುಲಭ ಗಣಿತದಿಂದಲೇ ತಿಳಿಯಬಹುದು. ದಿನಕ್ಕೆ ನಾನೂರು ಕಿಲೋಮೀಟರು ಓಡುವ ಬಸ್ಸು ಲೀಟರಿಗೆ ಐದು ಕಿಲೋಮೀಟರಿನಂತೆ ಎಂಬತ್ತು ಲೀಟರು ಕುಡಿಯುತ್ತದೆಂದಿಟ್ಟುಕೊಳ್ಳಿ. ಚಾಲಕನ ಕೌಶಲದಿಂದ ಅದು ಐದೂಕಾಲಕ್ಕೆ ಏರಿದರೆ ದಿನವೊಂದಕ್ಕೆ ಮೂರೂಮುಕ್ಕಾಲು ಲೀಟರಿಗೂ ಹೆಚ್ಚು ಉಳಿಯುತ್ತದೆ. ಇದೇ ಒಂದು ಬಸ್ಸಿನ ವರ್ಷದ ಲೆಕ್ಕ ಸಾವಿರ ಲೀಟರುಗಳನ್ನು ಮೀರುತ್ತದೆ. ಯಂತ್ರ ಬದಲಾಗಿಲ್ಲ, ರಸ್ತೆ ಬದಲಾಗಿಲ್ಲ, ಪ್ರಯಾಣಿಕರಿಗೆ ತಡವೂ ಆಗಿಲ್ಲ. ಬದಲಾದುದು ಒಂದು ಪಾದದ ನಡತೆ ಮಾತ್ರ.

ಆ ಪಾದದ ನಡತೆಯನ್ನು ಕಾಣಬಯಸುವವರು ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ, ಚಾಲಕನ ಎಡಕ್ಕಿರುವ ಮುಂದಿನ ಸೀಟಿನಲ್ಲಿ ಕುಳಿತು ನೋಡಬೇಕು. ಹುಮನಾಬಾದ್ ರಿಂಗ್ ರೋಡನ್ನೂ ಕಪನೂರಿನ ಕೈಗಾರಿಕಾ ಪ್ರದೇಶವನ್ನೂ ದಾಟಿ ಹೆದ್ದಾರಿ ತೆರೆದುಕೊಂಡ ಮೇಲೆ ಪಳಗಿದ ಚಾಲಕನು ಅವಸರವಿಲ್ಲದೆ ಗೇರುಗಳನ್ನು ಏರಿಸುತ್ತಾ ಕೊನೆಯ ಗೇರಿಗೆ ಬಂದು ಅಲ್ಲಿಯೇ ನೆಲೆಸುತ್ತಾನೆ. ಮಹಾಗಾಂವ ಕ್ರಾಸಿನಲ್ಲಿ ಇಳಿಯುವವರುಂಟೆಂದು ಕಂಡಕ್ಟರು ಹೇಳಿದ ಮಾತ್ರಕ್ಕೆ ಅವನ ಬಲಗಾಲು ನಿಲ್ದಾಣಕ್ಕೆ ಇನ್ನೂ ಎರಡು ಮೂರು ನೂರು ಮೀಟರು ಇರುವಾಗಲೇ ಆಕ್ಸಿಲೇಟರಿನಿಂದ ಮೇಲೇಳುತ್ತದೆ. ಗಾಡಿಯು ತಾನು ಗಳಿಸಿಕೊಂಡ ವೇಗದ ಬಲದಿಂದಲೇ ಮುಂದೆ ಸಾಗಿ, ತಾನಾಗಿಯೇ ನಿಧಾನವಾಗಿ, ಬ್ರೇಕಿನ ಒಂದು ಮೃದುಸ್ಪರ್ಶದಿಂದ ಜನರ ಮುಂದೆ ನಿಲ್ಲುತ್ತದೆ. ಅದರ ಹಿಂದೆಯೇ ಬಂದ ಕಾರು ಕೊನೆಯ ಕ್ಷಣದವರೆಗೂ ಎಣ್ಣೆಯನ್ನು ಉರಿಸುತ್ತಾ ಬಂದು, ಧಡಕ್ಕನೆ ಬ್ರೇಕು ಹಾಕಿ, ಅಷ್ಟು ಹೊತ್ತು ಹಣಕೊಟ್ಟು ಸಂಪಾದಿಸಿದ ವೇಗವನ್ನೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಬಿಟ್ಟುಬಿಡುತ್ತದೆ. ಪೆಟ್ರೋಲ್ ಎಂಜಿನ್ನು ಇಂಧನದ ಶಕ್ತಿಯಲ್ಲಿ ಹೆಚ್ಚು ಕಡಿಮೆ ಕಾಲು ಭಾಗವನ್ನು ಮಾತ್ರ ಚಲನೆಯಾಗಿ ಪರಿವರ್ತಿಸಿ ಉಳಿದುದನ್ನು ಶಾಖವಾಗಿ ಕಳೆಯುವುದರಿಂದ, ಇಷ್ಟು ದುಬಾರಿಯಾದ ಆ ಕಾಲು ಭಾಗವನ್ನೂ ಬ್ರೇಕಿಗೆ ಆಹುತಿ ಕೊಡುವುದು ಎಂತಹ ಅಪವ್ಯಯವೆಂಬುದನ್ನು ವಿವರಿಸಬೇಕಾಗಿಲ್ಲ.

ವೇಗದ ಪ್ರಶ್ನೆಯನ್ನೂ ಇದೇ ರಸ್ತೆಯ ಮೇಲೆ ವಿಚಾರಿಸಬಹುದು. ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದು, ಈಚೆಗೆ ತಾಲ್ಲೂಕಿನ ಪದವಿಯನ್ನೂ ಪಡೆದ ಕಮಲಾಪುರವು ನಗರದಿಂದ ಸುಮಾರು 36 ಕಿಲೋಮೀಟರು. ಗಂಟೆಗೆ 60 ಕಿಲೋಮೀಟರಿನ ಸಮವೇಗದಲ್ಲಿ ಹೋದರೆ 36 ನಿಮಿಷ, 80ರಲ್ಲಿ ಹೋದರೆ 27 ನಿಮಿಷ. ಲಾಭವು ಒಂಬತ್ತು ನಿಮಿಷ. ಆದರೆ ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 60ರಿಂದ 80ಕ್ಕೆ ಏರಿದ ವಾಹನವು ಎದುರಿಸುವ ಗಾಳಿಯ ತಡೆ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚುತ್ತದೆ. ಒಟ್ಟು ಇಂಧನವ್ಯಯವು ಅದೇ ಪ್ರಮಾಣದಲ್ಲಿ ಏರದಿದ್ದರೂ ಸ್ಪಷ್ಟವಾಗಿ ಏರುತ್ತದೆ. ನೂರನ್ನು ದಾಟಿದವನ ವಿಷಯವನ್ನು ಹೇಳುವುದೇ ಬೇಡ. ಪಿಸಿಆರ್‌ಎ ಸಂಸ್ಥೆಯು 45ರಿಂದ 55 ಕಿಲೋಮೀಟರಿನ ವೇಗವನ್ನು ಬಹುಕಾಲದಿಂದ ಉಪದೇಶಿಸುತ್ತ ಬಂದಿರುವುದು ಈ ಕಾರಣದಿಂದಲೇ. ಒಂಬತ್ತು ನಿಮಿಷಗಳಿಗಾಗಿ ತಾನು ತೆರುವ ಬೆಲೆ ಇಷ್ಟೆಂದು ತಿಳಿದೂ ವೇಗವಾಗಿ ಹೋಗಲು ಇಚ್ಛಿಸುವವನು ಕಾನೂನಿನ ಮಿತಿಯೊಳಗೆ ಹೋಗಲಿ. ಆದರೆ ತಿಳಿಯದೆ ತೆರುವ ಬೆಲೆಯು ಸ್ವಾತಂತ್ರ್ಯದ ಲಕ್ಷಣವಾಗದು.

ಇಲ್ಲಿಯೇ ಲೋಕರೂಢಿಯ ಕೆಲವು ಭ್ರಮೆಗಳನ್ನೂ ನಿವಾರಿಸಬೇಕಾಗಿದೆ. ಕಮಲಾಪುರವನ್ನು ದಾಟಿ ಹುಮನಾಬಾದಿನ ಕಡೆಗೆ ಸಾಗುವಾಗ ಎದುರಾಗುವ ಇಳಿಜಾರುಗಳಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಬಿಟ್ಟರೆ ಎಣ್ಣೆ ಉಳಿಯುವುದೆಂದು ಅನೇಕರು ನಂಬಿದ್ದಾರೆ. ಹಳೆಯ ಕಾರ್ಬುರೇಟರಿನ ಕಾಲಕ್ಕೆ ಆ ನಂಬಿಕೆಗೆ ಒಂದಿಷ್ಟು ಆಧಾರವಿದ್ದೀತು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿಯೇ ಇದ್ದು ಆಕ್ಸಿಲೇಟರಿನಿಂದ ಕಾಲು ತೆಗೆದರೆ ಇಂಧನದ ಸರಬರಾಜು ಪೂರ್ಣವಾಗಿ ನಿಂತುಹೋಗುತ್ತದೆ, ನ್ಯೂಟ್ರಲ್‌ನಲ್ಲಾದರೋ ಎಂಜಿನ್ನು ಆರದಂತೆ ಕಾಪಾಡುವಷ್ಟು ಎಣ್ಣೆ ಉರಿಯುತ್ತಲೇ ಇರುತ್ತದೆ. ಇದರ ಮೇಲೆ, ಎಂಜಿನ್ನಿನ ಹಿಡಿತ ತಪ್ಪಿದ ಭಾರವಾದ ವಾಹನವು ಇಳಿಜಾರಿನಲ್ಲಿ ಬ್ರೇಕನ್ನು ಮಾತ್ರ ನಂಬಬೇಕಾಗುವುದರಿಂದ ಪ್ರಾಣಾಪಾಯವೂ ಉಂಟು. ಬೆಳಿಗ್ಗೆ ಎಂಜಿನ್ನನ್ನು ಐದು ಹತ್ತು ನಿಮಿಷ ಬಿಸಿಮಾಡುವ ಅಭ್ಯಾಸವೂ ಕಳೆದ ಯುಗದ್ದೇ. ಕಲಬುರಗಿಯಂತಹ ಉಷ್ಣಪ್ರದೇಶದಲ್ಲಿ ಅದು ಎಳ್ಳಷ್ಟೂ ಅವಶ್ಯವಿಲ್ಲ. ಮತ್ತೆ ಮತ್ತೆ ಚಾಲೂ ಮಾಡಿದರೆ ಹೆಚ್ಚು ಎಣ್ಣೆ ಖರ್ಚಾಗುವುದೆಂಬ ಅಂಜಿಕೆಯೂ ಅಂತಹುದೇ: ಈಗಿನ ಕಾರುಗಳನ್ನು ಹೊಸದಾಗಿ ಚಾಲೂ ಮಾಡಲು ಬೇಕಾಗುವುದು ಹತ್ತು ಸೆಕೆಂಡು ನಿಂತಲ್ಲಿ ಉರಿಯುವಷ್ಟು ಎಣ್ಣೆಗಿಂತ ಹೆಚ್ಚಲ್ಲ.

ನಿಂತಲ್ಲಿ ಉರಿಯುವುದೆಷ್ಟು? ಸಣ್ಣ ಕಾರೊಂದು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು. ದಿನಕ್ಕೆ ಹತ್ತು ನಿಮಿಷ ಹೀಗೆ ನಿಲ್ಲುವವನು ವರ್ಷದಲ್ಲಿ ಮೂವತ್ತು ಲೀಟರಿನಷ್ಟನ್ನು ಒಂದು ಅಡಿಯೂ ಮುಂದೆ ಸಾಗದೆ ಕಳೆದುಕೊಳ್ಳುತ್ತಾನೆ. ಎ.ಸಿ. ಇಲ್ಲದೆ ನಿಲ್ಲಲಾಗದಷ್ಟು ಬಿಸಿಲು ನಮ್ಮಲ್ಲಿದೆಯೆಂಬುದನ್ನು ಬಲ್ಲೆ. ಮೇ ತಿಂಗಳ ನಡುಹಗಲಿನಲ್ಲಿ ವೃದ್ಧರನ್ನೂ ಮಕ್ಕಳನ್ನೂ ಕೂಡಿಸಿಕೊಂಡವರಿಗೆ ಈ ಮಾತನ್ನು ಹೇಳುತ್ತಿಲ್ಲ.

ಚಕ್ರದ ಹವಾದ ವಿಷಯವಾಗಿ ಒಂದೆರಡು ಮಾತು. ಹವಾ ಕಡಿಮೆಯಾದ ಟಯರು ರಸ್ತೆಗೆ ಅಂಟಿಕೊಂಡಂತೆ ಉರುಳಿ ಎಣ್ಣೆಯನ್ನು ಹೆಚ್ಚು ಕುಡಿಸುತ್ತದೆ, ತಾನೂ ಬೇಗ ಸವೆಯುತ್ತದೆ. ಬಂಕುಗಳಲ್ಲಿ ಹವಾ ಉಚಿತವಾಗಿ ಕೊಡತಕ್ಕದ್ದೆಂಬ ನಿಯಮವುಂಟು; ಆದರೆ ಎಣ್ಣೆ ಹಾಕಿಸುವವರ ಸಾಲು ರಸ್ತೆಗೆ ಬಂದಿರುವಾಗಲೂ ಹವಾದ ಪೈಪಿನ ಮುಂದೆ ಒಬ್ಬನೂ ಇರುವುದಿಲ್ಲ. ಬಿಸಿಲಿನಲ್ಲಿ ಓಡಿ ಕಾದ ಟಯರಿನಲ್ಲಿ ಮಾಪಕವು ಹೆಚ್ಚಿನ ಅಂಕವನ್ನು ತೋರುವುದರಿಂದ ಬೆಳಗಿನ ತಂಪಿನಲ್ಲಿಯೇ ನೋಡಿಸಬೇಕೆಂಬುದನ್ನು, ಮತ್ತು ಎಷ್ಟು ಹವಾ ಇರಬೇಕೆಂಬುದು ಕಾರಿನ ಬಾಗಿಲ ಚೌಕಟ್ಟಿನ ಮೇಲೆಯೇ, ಬೈಕಿನಲ್ಲಾದರೆ ಚೈನಿನ ಹತ್ತಿರದ ಚೀಟಿಯಲ್ಲಿಯೇ ಸಾಮಾನ್ಯವಾಗಿ ಬರೆದಿರುವುದೆಂಬುದನ್ನು ಹೇಳಿಕೊಟ್ಟರೆ ಸಾಕು.

ಈ ಎಲ್ಲ ವಿದ್ಯೆಯ ಮೂಲವು ಅಳತೆಯಲ್ಲಿದೆ. ನಮ್ಮ ಕಡೆಯಲ್ಲಿ ಇಬ್ಬರು ಬೈಕಿನವರು ಕೂಡಿದರೆ, “ನಿಮ್ಮ ಗಾಡಿ ಎವರೇಜ್ ಎಷ್ಟು ಕೊಡ್ತದರೀ?” ಎಂಬ ಪ್ರಶ್ನೆ ಬಾರದೆ ಇರದು, ಆದರೆ ಉತ್ತರವು ಅಂದಾಜಿನದು, ಇಲ್ಲವೆ ಶೋರೂಮಿನವನು ಹೇಳಿದ್ದು. ನಿಜವಾದ ಉತ್ತರವನ್ನು ಪಡೆಯುವ ವಿಧಾನವು ಡಿಪೋದಲ್ಲಿ ನಡೆಯುವುದಕ್ಕಿಂತ ಭಿನ್ನವಲ್ಲ: ಟಾಕಿಯನ್ನು ಪೂರ್ತಿ ತುಂಬಿಸಿ ಕಿಲೋಮೀಟರಿನ ಅಂಕವನ್ನು ಬರೆದಿಟ್ಟುಕೊಂಡು, ಎಂದಿನಂತೆ ಓಡಿಸಿ, ಮರಳಿ ಪೂರ್ತಿ ತುಂಬಿಸಿದಾಗ ಹಿಡಿದ ಲೀಟರುಗಳಿಂದ ಓಡಿದ ಕಿಲೋಮೀಟರುಗಳನ್ನು ಭಾಗಿಸುವುದು. ಐದನೆಯ ತರಗತಿಯ ಬಾಲಕಿಯೂ ಮಾಡಬಲ್ಲ ಭಾಗಾಕಾರವಿದು. ಆ ಬಾಲಕಿಯೇ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಅಪ್ಪನ ಬೈಕಿನ ಲೆಕ್ಕವನ್ನು ಬರೆಯುವಂತಾದರೆ ಯಾವ ಸಪ್ತಾಹವೂ ಮಾಡಲಾಗದ ಕಾರ್ಯವು ನಡೆದೀತು. ಅಳತೆ ಬಂದ ಮೇಲೆ ವದಂತಿಗಳಿಗೂ ಉತ್ತರ ಸಿಕ್ಕುತ್ತದೆ. ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸತೊಡಗಿದ ಮೇಲೆ ಎವರೇಜ್ ಅರ್ಧಕ್ಕೆ ಇಳಿಯಿತೆಂದು ಹೇಳುವವರುಂಟು, ಏನೂ ಆಗಿಲ್ಲವೆಂದು ಸಾಧಿಸುವವರೂ ಉಂಟು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಶಕ್ತಿಯಿರುವುದರಿಂದ ಆ ಮಿಶ್ರಣದಲ್ಲಿ ನೂರಕ್ಕೆ ಆರೇಳರಷ್ಟು ಶಕ್ತಿ ಕಡಿಮೆಯಾಗುವುದು ಲೆಕ್ಕಕ್ಕೆ ಸಿಕ್ಕುವ ಸಂಗತಿ. ಆಳಂದ, ಅಫಜಲಪುರಗಳಲ್ಲಿ ಕಬ್ಬು ಬೆಳೆಯುವ ನಮ್ಮ ಜಿಲ್ಲೆಯ ಜನರಿಗೆ ಇದರ ಲಾಭನಷ್ಟಗಳೆರಡನ್ನೂ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು.

ಜಪಾನಿನವರು ಮಿತವ್ಯಯದ ಚಾಲನೆಯನ್ನು ಜನರಿಗೆ ಕಲಿಸುವಾಗ ಆರಿಸಿಕೊಂಡ ಮೊದಲ ಪಾಠವು ನನಗೆ ಬಹಳ ವಿವೇಕದ್ದೆಂದು ತೋರುತ್ತದೆ: ನಿಂತ ಕಾರು ಹೊರಟ ಮೊದಲ ಐದು ಸೆಕೆಂಡುಗಳಲ್ಲಿ ಗಂಟೆಗೆ 20 ಕಿಲೋಮೀಟರಿನ ವೇಗವನ್ನು ಮುಟ್ಟಿದರೆ ಸಾಕು, ಅದಕ್ಕಿಂತ ಬಿರುಸು ಬೇಡ. ಇದರಲ್ಲಿ ದೇಶಭಕ್ತಿಯ ಉದ್ಘೋಷವಿಲ್ಲ, ಭವಿಷ್ಯದ ಭಯವಿಲ್ಲ. ಕಾಲಿಗೆ ಕೊಟ್ಟ ಒಂದು ಖಚಿತವಾದ ಅಭ್ಯಾಸವಿದೆ. ಮನಸ್ಸಿನಲ್ಲಿಯೇ ಐದು ಎಣಿಸಬಲ್ಲವನು ಅದನ್ನು ಕಲಿಯಬಲ್ಲನು. ಜಗತ್ ವೃತ್ತದಲ್ಲಿ ಹಸಿರು ದೀಪ ಬಂದೊಡನೆ ಬಾಣದಂತೆ ಚಿಮ್ಮಿ, ನೂರು ಗಜದ ಆಚೆ ಮತ್ತೊಂದು ಗುಂಪಿನ ಹಿಂದೆ ಬ್ರೇಕು ಹಾಕಿ ನಿಲ್ಲುವ ತರುಣರಿಗೆ ಇಂತಹ ಒಂದು ಪಾಠವು ನೂರು ಘೋಷಣೆಗಳಿಗಿಂತ ಹಿತವಾದೀತು.

ಇಂತಹ ಲೋಕಶಿಕ್ಷಣಕ್ಕೆ ಈ ಪ್ರದೇಶವು ಅಪರಿಚಿತವಾದ ಭೂಮಿಯಲ್ಲವೆಂಬುದನ್ನು ನಾವು ಮರೆತಂತಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷದವರೆಗೆ ಆಕಾಶದ ಉಪಗ್ರಹವೊಂದರ ಮೂಲಕ ಹಳ್ಳಿಗಳಿಗೆ ಶಿಕ್ಷಣದ ಟಿ.ವಿ. ಕಾರ್ಯಕ್ರಮಗಳನ್ನು ಮುಟ್ಟಿಸುವ ‘ಸೈಟ್’ ಎಂಬ ಮಹಾಪ್ರಯೋಗವನ್ನು ಭಾರತವು ಕೈಗೊಂಡಾಗ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕರ್ನಾಟಕದ ಪಾಲಿಗೆ ಆಯ್ದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ಬಿಜಾಪುರಗಳು. ವಿದ್ಯುತ್ತೇ ಸರಿಯಾಗಿ ಕಾಣದ ಊರುಗಳಲ್ಲಿ ಜನರು ಸಾರ್ವಜನಿಕ ಸ್ಥಳದಲ್ಲಿ ಒಟ್ಟಾಗಿ ಕುಳಿತು ಬೇಸಾಯವನ್ನೂ ಆರೋಗ್ಯವನ್ನೂ ಕುರಿತ ಪಾಠಗಳನ್ನು ಕಂಡರು. ಅದಕ್ಕೂ ಮೊದಲೇ ಪ್ರಾರಂಭವಾದ ಕಲಬುರಗಿಯ ಆಕಾಶವಾಣಿಯು ತೊಗರಿಯ ಬಿತ್ತನೆ, ಕೀಟಬಾಧೆ, ಗೊಬ್ಬರಗಳ ವಿಷಯವನ್ನು ರೈತನ ಭಾಷೆಯಲ್ಲಿಯೇ ಅವನ ಕಿವಿಗೆ ಮುಟ್ಟಿಸುತ್ತ ಬಂದಿದೆ. ರೈತನಿಗೆ ಯಾವ ಹುಳುವಿಗೆ ಯಾವ ಔಷಧಿಯೆಂದು ಹೇಳಿದ ವಾಣಿಯು, ಟ್ರ್ಯಾಕ್ಟರಿನ ಎಂಜಿನ್ನನ್ನು ಗಂಜಿನ, ಎಂದರೆ ಧಾನ್ಯದ ಮಾರುಕಟ್ಟೆಯ, ಬಾಗಿಲಲ್ಲಿ ಗಂಟೆಗಟ್ಟಲೆ ಉರಿಸಬಾರದೆಂಬುದನ್ನೂ, ಎರೆಭೂಮಿಯ ಧೂಳು ತುಂಬಿದ ಏರ್ ಫಿಲ್ಟರನ್ನು ಯಾವಾಗ ಬಿಚ್ಚಿ ಝಾಡಿಸಬೇಕೆಂಬುದನ್ನೂ ಅಷ್ಟೇ ಸಹಜವಾಗಿ ಹೇಳಬಲ್ಲದು. ಹೇಳುವವನು ನಿವೃತ್ತನಾದ ಬಸ್ ಚಾಲಕನಾಗಿರಲಿ. ಮೂವತ್ತು ವರ್ಷ ಇದೇ ರಸ್ತೆಗಳಲ್ಲಿ ಗಾಡಿ ನಡೆಸಿದವನ ಮಾತಿಗಿರುವ ತೂಕವು ದೆಹಲಿಯಲ್ಲಿ ಸಿದ್ಧಪಡಿಸಿ ಕನ್ನಡಕ್ಕೆ ಇಳಿಸಿದ ಜಾಹೀರಾತಿಗೆ ಬಾರದು.

ಆ ಚಾಲಕರನ್ನು ಡ್ರೈವಿಂಗ್ ಶಾಲೆಗಳಿಗೂ ಆರ್‌ಟಿಒ ಕಚೇರಿಗೂ ಕರೆಸಬೇಕು. ಕೆಎ-32 ಎಂಬ ಫಲಕವನ್ನು ಹೊತ್ತು ರಸ್ತೆಗಿಳಿಯುವ ಹೊಸ ಸವಾರನು ಲೈಸೆನ್ಸ್ ಪಡೆಯುವ ಮುನ್ನ ರಸ್ತೆಯ ಚಿಹ್ನೆಗಳನ್ನು ಕಲಿಯುವಂತೆಯೇ ಮೇಲೆ ಹೇಳಿದ ಸಂಗತಿಗಳನ್ನೂ ಅರ್ಧ ಗಂಟೆ ಕೇಳಲಿ, ಸಾಧ್ಯವಾದರೆ ಮಾಡಿ ತೋರಿಸಲಿ. ಶರಣಬಸವೇಶ್ವರರ ಜಾತ್ರೆಯಲ್ಲಿಯೂ ಬಂದೇನವಾಜರ ಉರುಸಿನಲ್ಲಿಯೂ ಲಕ್ಷಾಂತರ ಜನ ಕೂಡುವರು. ಅಲ್ಲಿ ಕರಪತ್ರಗಳನ್ನು ಹಂಚುವುದರ ಬದಲು ಒಂದು ಹವಾದ ಯಂತ್ರವನ್ನಿಟ್ಟು, ಬಂದವರ ಟಯರುಗಳನ್ನು ಅವರ ಕಣ್ಣೆದುರಿನಲ್ಲಿಯೇ ಅಳೆದು ತೋರಿಸಬಹುದು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ತನ್ನ ದುಡಿಮೆಯ ಬಹುಭಾಗವನ್ನು ಡೀಸೆಲಿಗೇ ಸುರಿಯುವ ಟಂಟಂ ಚಾಲಕನಿಗೆ ಮಿತವ್ಯಯವನ್ನು ಉಪದೇಶಿಸುವ ಅಧಿಕಾರ ಯಾರಿಗಿದೆ? ಕಚೇರಿಯ ಬೇವಿನ ಮರದ ನೆರಳಿನಲ್ಲಿ ಸಾಹೇಬರು ಹೊರಬರುವವರೆಗೆ ಎ.ಸಿ. ಆರದಂತೆ ಎಂಜಿನ್ನನ್ನು ಉರಿಸುತ್ತಾ ನಿಲ್ಲುವ ಸರ್ಕಾರಿ ಜೀಪನ್ನು ಕಂಡವನು ಈ ಪ್ರಶ್ನೆಯನ್ನು ಕೇಳಿದರೆ ಅವನಿಗೆ ಕೊಡಬಹುದಾದ ಉತ್ತರ ಆಚರಣೆಯಿಂದ ಮಾತ್ರ ಬರತಕ್ಕದ್ದು. ಪ್ರತಿಯೊಂದು ಸರ್ಕಾರಿ ವಾಹನಕ್ಕೂ ಲಾಗ್ ಪುಸ್ತಕವಿದೆ. ಓಡಿದ ದೂರವೂ ಹಾಕಿಸಿದ ಎಣ್ಣೆಯೂ ಅದರಲ್ಲಿ ಬರೆಯಲ್ಪಡುತ್ತವೆ. ಆ ಎರಡು ಅಂಕಗಳನ್ನು ಭಾಗಿಸಿ, ಇಲಾಖೆವಾರು ಪ್ರತಿ ತಿಂಗಳೂ ಕಚೇರಿಯ ಫಲಕದ ಮೇಲೆ ಹಾಕಲು ಹೊಸ ಕಾಯಿದೆ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಜಿಲ್ಲಾಧಿಕಾರಿಯ ವಾಹನದಿಂದ ಕಸದ ಲಾರಿಯವರೆಗೆ ಎಲ್ಲದರ ಎವರೇಜೂ ಪ್ರಜೆಗಳಿಗೆ ಕಾಣುವಂತಾದ ದಿನ ಉಪದೇಶಕ್ಕೆ ನೈತಿಕವಾದ ಬಲವು ಬಂದೀತು. ಹಾಗೆಯೇ ಗುಂಡಿ ಬಿದ್ದ ರಸ್ತೆಗಳೂ, ಹೇಳದೆ ಕೇಳದೆ ಎದುರಾಗುವ ರೋಡ್ ಹಂಪುಗಳೂ, ಒಂದಕ್ಕೊಂದು ಹೊಂದದ ಸಿಗ್ನಲುಗಳೂ ಚಾಲಕನ ಕೌಶಲವನ್ನೆಲ್ಲ ಹಾಳುಮಾಡುವ ಶತ್ರುಗಳೆಂಬುದನ್ನು ಮಹಾನಗರ ಪಾಲಿಕೆಯವರೂ ಲೋಕೋಪಯೋಗಿ ಇಲಾಖೆಯವರೂ ಕಲಿಯಬೇಕಾಗಿದೆ. ಶಿಕ್ಷಣವೆಂದರೆ ಪ್ರಜೆಗಳಿಗೆ ಮಾತ್ರವೆಂಬ ಭಾವನೆ ಮೊದಲು ಹೋಗಬೇಕು.

ಚಾಲನೆಯ ಕೌಶಲಕ್ಕಿಂತ ಹೆಚ್ಚಿನ ಉಳಿತಾಯವು ವಾಹನವನ್ನು ಮನೆಯಲ್ಲಿಯೇ ಬಿಡುವುದರಲ್ಲಿದೆಯೆಂಬುದೂ ಅಳತೆಯಿಂದಲೇ ತಿಳಿಯುವ ಸಂಗತಿ. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬನೇ ಕಮಲಾಪುರಕ್ಕೆ ಹೋದರೆ ಎರಡು ಲೀಟರು ನಾನೂರು ಮಿಲಿಲೀಟರು. ಲೀಟರಿಗೆ 50 ಓಡುವ ಬೈಕಿನಲ್ಲಿ 720 ಮಿಲಿಲೀಟರು. ಐವತ್ತು ಮಂದಿ ಕುಳಿತ ಬಸ್ಸಿನಲ್ಲಿಯಾದರೆ ತಲೆಯೊಂದಕ್ಕೆ 150 ಮಿಲಿಲೀಟರಿಗೂ ಕಡಿಮೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳು ಬಸ್ಸನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ. ಇಂಧನದ ದೃಷ್ಟಿಯಿಂದಲೂ ಅದು ಸಣ್ಣ ಲಾಭವಲ್ಲ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಬೀದರ–ಕಲಬುರಗಿ ರೈಲುಮಾರ್ಗವು ಮರಗುತ್ತಿಯ ಬಳಿ ಬೆಟ್ಟವನ್ನು ಕೊರೆದು ಕಮಲಾಪುರದ ಮೂಲಕವೇ ಹಾದುಬಂದಿದೆ. ನಗರದಲ್ಲಿ ಸಂಸಾರ ಹೂಡಿ ಕಮಲಾಪುರದ ಶಾಲೆಗಳಿಗೂ ಕಚೇರಿಗಳಿಗೂ ದಿನವೂ ಹೋಗಿಬರುವ ಶಿಕ್ಷಕರು, ನೌಕರರು ಬೈಕುಗಳಲ್ಲಿ ಒಬ್ಬೊಬ್ಬರಾಗಿ ಹೆದ್ದಾರಿಗಿಳಿಯುವುದಕ್ಕಿಂತ ಬಸ್ಸಿನಲ್ಲಿಯೋ, ನಾಲ್ವರು ಕೂಡಿ ಒಂದು ಕಾರಿನಲ್ಲಿಯೋ ಹೋಗುವಂತೆ, ಕಚೇರಿಯ ವೇಳೆಗೆ ಹೊಂದುವ ರೈಲೂ ಬಸ್ಸೂ ಅವರಿಗೆ ದೊರೆಯುವಂತೆ ಮಾಡುವುದು ಆಡಳಿತದ ಕರ್ತವ್ಯ. ಬಸ್ಸೇ ಇಲ್ಲದ ಹಳ್ಳಿಯವನಿಗೆ ಬೈಕು ಬಿಡೆಂದು ಹೇಳುವುದು ಅನುಚಿತ.

ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಮಿಕ್ಕಿದ ಭಾಗ ಹೊರಗಿನಿಂದ ಬರುತ್ತದೆ; ಉರಿದ ಪ್ರತಿಯೊಂದು ಲೀಟರು ಪೆಟ್ರೋಲೂ ಎರಡು ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರಿಸುತ್ತದೆ. ಇವು ಎಲ್ಲರೂ ಬಲ್ಲ ಸಂಗತಿಗಳಾದುದರಿಂದ ವಿಸ್ತರಿಸಲಾರೆ. ವಿದ್ಯುತ್ ವಾಹನಗಳು ಬಂದು ಈ ಸಮಸ್ಯೆಯನ್ನೆಲ್ಲ ನೀಗುವುವೆಂದು ಹೇಳುವವರಿಗೆ ನನ್ನ ಉತ್ತರ ಇಷ್ಟೆ: ಈಗ ರಸ್ತೆಯ ಮೇಲಿರುವ ವಾಹನಗಳು ಇನ್ನೂ ಹತ್ತು ಹದಿನೈದು ವರ್ಷ ಓಡುವುವು, ಮತ್ತು ಬ್ರೇಕಿಗಿಂತ ಮೊದಲು ಕಾಲೆತ್ತುವ ವಿದ್ಯೆ ಬ್ಯಾಟರಿಯ ಗಾಡಿಗೂ ಅಷ್ಟೇ ಉಪಯುಕ್ತ.

ಪ್ರಯೋಗವನ್ನು ಕಮಲಾಪುರದಿಂದಲೇ ಆರಂಭಿಸಬಹುದೆಂದು ನನ್ನ ಸೂಚನೆ. ತಾಲ್ಲೂಕು ಚಿಕ್ಕದು, ನಗರಕ್ಕೆ ಹೋಗುವ ಹೆದ್ದಾರಿ ಒಂದೇ, ದಿನವೂ ಅದೇ ದೂರವನ್ನು ಕ್ರಮಿಸುವ ನೌಕರರು, ಬಾಳೆಹಣ್ಣನ್ನೂ ತೊಗರಿಯನ್ನೂ ಸಾಗಿಸುವ ಗಾಡಿಗಳವರು, ಶಾಲೆಗಳ ವಾಹನಗಳವರು ಸುಲಭವಾಗಿ ಗುರುತಿಗೆ ಸಿಕ್ಕುವರು. ತೊಗರಿಯ ರಾಶಿ ಮುಗಿದು ಗಂಜಿಗೆ ಗಾಡಿಗಳು ಸಾಲುಗಟ್ಟುವ ಜನವರಿಯಲ್ಲಿ, ಇಚ್ಛೆಯಿಂದ ಮುಂದೆ ಬಂದ ನೂರು ಮಂದಿ ವಾಹನದಾರರ ಎವರೇಜನ್ನು ಮೊದಲು ಒಂದು ತಿಂಗಳು ಏನನ್ನೂ ಬೋಧಿಸದೆ ಬರೆದಿಟ್ಟುಕೊಂಡು, ಆಮೇಲೆ ನಿಗಮದ ಅನುಭವಿ ಚಾಲಕರಿಂದ ಅವರಿಗೆ ಎರಡು ಭಾನುವಾರ ಪಾಠ ಹೇಳಿಸಿ, ಹವಾ ನೋಡಿಸಿ, ಮುಂದಿನ ಆರು ತಿಂಗಳ ಲೆಕ್ಕವನ್ನು ಅವರ ಕೈಯಿಂದಲೇ ಬರೆಯಿಸಬೇಕು. ತಹಸೀಲ್ದಾರರ ವಾಹನವೂ ಆ ನೂರರಲ್ಲಿ ಒಂದಾಗಿರಲಿ. ಲೆಕ್ಕವನ್ನು ಕೂಡಿಸುವ ಕೆಲಸವನ್ನು ಅಲ್ಲಿನ ಹೈಸ್ಕೂಲಿನ ಮಕ್ಕಳಿಗೆ ಒಪ್ಪಿಸಬಹುದು. ಆಗಸ್ಟಿನಲ್ಲಿ ಬಂದ ಫಲಿತಾಂಶವನ್ನು, ಉಳಿತಾಯವಾಗಿದ್ದರೂ ಆಗದಿದ್ದರೂ, ಕಲಬುರಗಿಯ ಪತ್ರಿಕೆಗಳಲ್ಲಿ ಅಂಕಿಗಳ ಸಮೇತ ಪ್ರಕಟಿಸತಕ್ಕದ್ದು. ನಗರದ ಸವಾರರು ಅದನ್ನು ಓದಿ, ತಮ್ಮ ಟಾಕಿಯ ಲೆಕ್ಕದೊಡನೆ ಹೋಲಿಸಿ ನೋಡಲಿ.